ಬೆಸೆದ ಬೆನ್ನುಮೂಳೆಯ ವರದಿಯನ್ನು ಬೀರುವಿನಲ್ಲಿಟ್ಟವರಿಗೆ

ಸಂಶೋಧನಾ ನೈತಿಕ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ತಂಗಿಯ ಮಗ ರವಿಚಂದ್ರನ ಬೆನ್ನುಮೂಳೆ ಮುರಿದಿದೆ. ಸೊಂಟದ ಕೆಳಗೆ ಅವನಿಗೆ ಸ್ಪರ್ಶವಿಲ್ಲ. ಕಾಲಿನ ಮೇಲೆ ಕುದಿವ ನೀರು ಚೆಲ್ಲಿದರೂ ತಿಳಿಯುವುದಿಲ್ಲ. ಆ ಮೂಳೆ ಸಣ್ಣ ಪೆಟ್ಟಿಗೂ ಮುರಿಯುವಂಥದ್ದು ಎಂಬ ವರದಿ, ಅದು ಮುರಿಯುವ ಹದಿನಾಲ್ಕು ತಿಂಗಳ ಮೊದಲೇ ನಿಮ್ಮ ಸಂಸ್ಥೆಯ ಬೀರುವಿನಲ್ಲಿತ್ತು. ಅದನ್ನು ಅವನಿಗೆ ಹೇಳಬಾರದೆಂಬ ನಿಯಮಕ್ಕೆ ಸಹಿ ಹಾಕಿದ್ದು ನೀವು. ಯಾವ ನೀತಿಯನ್ನು ಕಾಯಲು ಆ ಸಮಿತಿಯಲ್ಲಿ ಕುಳಿತಿದ್ದೀರಿ ಎಂದು ಕೇಳಲು ಈ ಪತ್ರ.

ಎರಡು ವರ್ಷದ ಹಿಂದೆ ಲಕ್ಷ್ಮೀಪುರಂನ ಕಲ್ಯಾಣ ಮಂಟಪವೊಂದರಲ್ಲಿ ನಿಮ್ಮವರು ಶಿಬಿರ ಮಾಡಿದರು. ಬಹುಕಾಲದ ಬೆನ್ನುನೋವಿನವರು ಬಂದು ಸಂಶೋಧನೆಗೆ ನೆರವಾಗಬೇಕೆಂದು ಕೋರಿದ್ದರು. ರವಿಚಂದ್ರನನ್ನು ಕರೆದುಕೊಂಡು ಹೋದವನು ನಾನೇ. ಅವನು ಮನೆಗಳಿಗೆ ವೈರಿಂಗ್ ಮಾಡುವವನು, ಮೂವತ್ತೊಂಬತ್ತು ವರ್ಷ, ಇಪ್ಪತ್ತೆರಡರಿಂದಲೂ ಸೊಂಟನೋವು. ಬೆಳಿಗ್ಗೆ ಎದ್ದಾಗ ಹಲಗೆಯಂತೆ ಬಿಗಿದಿರುತ್ತಿದ್ದ, ಓಡಾಡಿದ ಮೇಲೆ ಸಡಿಲವಾಗುತ್ತಿದ್ದ. "ಮಾವ, ಹಿಂದಿಂದ ಯಾರಾದ್ರೂ ಕೂಗಿದ್ರೆ ಕತ್ತು ತಿರುಗಲ್ಲ, ಲಾರಿ ಥರ ಪೂರ್ತಿ ತಿರುಗ್ಬೇಕು ನಾನು. ಹಾರ್ನ್ ಒಂದು ಕಮ್ಮಿ ಕಣಿ" ಎಂದು ಅವನೇ ನಗುತ್ತಿದ್ದ. ನಿಮ್ಮವರು ರಕ್ತ ತೆಗೆದರು, ವ್ಯಾನಿನಲ್ಲಿ ಕರೆದೊಯ್ದು ಎಕ್ಸ್-ರೇ ತೆಗೆದರು, ಹತ್ತು ಪುಟದ ಇಂಗ್ಲಿಷ್ ಫಾರಂ ಮುಂದಿಟ್ಟರು. ಅವನು ಅದನ್ನು ತಿರುವಿ ನೋಡುತ್ತಿದ್ದಾಗ ಮೇಜಿನ ಹಿಂದಿದ್ದ ಹುಡುಗಿ, "ಏನಾದ್ರೂ ಇದ್ರೆ ನಾವೇ ಫೋನ್ ಮಾಡ್ತೀವಿ ಸಾರ್, ಇಲ್ಲೊಂದು ಸೈನ್ ಹಾಕ್ಬುಡಿ" ಎಂದಳು. ಫೋನ್ ಬರಲಿಲ್ಲ. ಬರಲಿಲ್ಲವೆಂದರೆ ಏನೂ ಇಲ್ಲ ಎಂದುಕೊಂಡೆವು. ನಮ್ಮಂಥವರು ಇನ್ನೇನು ಅಂದುಕೊಳ್ಳಬೇಕಿತ್ತು?

ಈಗ ನನ್ನ ಪಾಲಿನದನ್ನು ಹೇಳುತ್ತೇನೆ. ನಿಮ್ಮ ವಕೀಲರು ಹುಡುಕಿ ತೆಗೆಯುವ ಶ್ರಮ ಬೇಡ.

ನಾನು ಕಾಲು ಮುಂದಾಗಿ ಹುಟ್ಟಿದವನು. ತಲೆಯ ಬದಲು ಕಾಲು ಮೊದಲು ಹೊರಬಂದ ಮಗು ಸೊಂಟಕ್ಕೆ ಒದ್ದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಇಲವಾಲದ ನಮ್ಮ ಮನೆಯ ಜಗಲಿಯಲ್ಲಿ ನನಗೆ ಆರು ವರ್ಷವಿದ್ದಾಗಿನಿಂದ ಜನ ಬಂದು ಬೆನ್ನು ತೋರಿಸಿ ನಿಲ್ಲುತ್ತಿದ್ದರು. ಒದೆಯುತ್ತಿದ್ದೆ. ಕೆಲವರಿಗೆ ಹಗುರಾಗುತ್ತಿತ್ತು, ಕಡ್ಲೆಪುರಿ ಕೊಡುತ್ತಿದ್ದರು. ಮುಂದೆ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದೆ. ಅಸ್ಥಿಪಂಜರದ ಚಿತ್ರ ತೂಗುಹಾಕಿ ಬೆನ್ನುಮೂಳೆಯ ಮಣಿಮಣಿಯನ್ನೂ ಎಣಿಸಿ ತೋರಿಸಿದವನು ನಾನು. ಆದರೂ ಕಳೆದ ಫೆಬ್ರವರಿಯ ಒಂದು ಬೆಳಿಗ್ಗೆ ರವಿಚಂದ್ರ ಬಂದು, "ಏಣಿ ಹತ್ತಕ್ಕಾಗ್ತಿಲ್ಲ ಮಾವ, ಒಂದ್ಸಲ ಒದ್ಬುಡಿ" ಎಂದಾಗ ನಕ್ಕೆನೇ ಹೊರತು ಇಲ್ಲವೆನ್ನಲಿಲ್ಲ.

"ಮೇಷ್ಟ್ರು ಒದ್ರೆ ಪಾಸಾಗ್ಬೇಕು ಕಣೋ" ಎಂದೆ.

"ಇಸ್ಕೂಲಲ್ಲಿ ಒದ್ದಿದ್ದು ಸಾಲದೇನೋ, ಒದೀರಿ" ಎಂದು ಬಾಗಿಲ ಚೌಕಟ್ಟು ಹಿಡಿದು ನಿಂತ.

ಮೆಲ್ಲಗೇ ಒದ್ದೆ. ಒಣಕೊಂಬೆ ಮುರಿದ ಸದ್ದಾಯಿತು. ಅವನ ಕೈ ಚೌಕಟ್ಟನ್ನು ಹಿಡಿದೇ ಇತ್ತು, ಕಾಲುಗಳು ಕೆಳಗೆ ಮಡಿಚಿಕೊಂಡವು. "ಮಾವ, ಕಾಲೆಲ್ಲಿ?" ಎಂದ.

ಆಸ್ಪತ್ರೆಯಲ್ಲಿ ಎಕ್ಸ್-ರೇ ನೋಡಿದ ವೈದ್ಯರು, "ಇದು ಆಕ್ಸಿಯಲ್ ಸ್ಪಾಂಡಿಲೋಆರ್ಥ್ರೈಟಿಸ್. ಉರಿಯೂತದಿಂದ ಮಣಿಗಳೆಲ್ಲ ಬೆಸ್ಕೊಂಡು ಒಂದೇ ಕೋಲಾಗಿದೆ. ಸ್ಕೂಟರಿಂದ ಬಿದ್ರೂ ಮುರಿಯುತ್ತೆ. ಇಷ್ಟು ವರ್ಷ ಯಾರೂ ಹೇಳ್ಲಿಲ್ವಾ?" ಎಂದರು. ಆಗಲೇ ನಿಮ್ಮ ಎಕ್ಸ್-ರೇ ನೆನಪಾದದ್ದು.

ನಿಮ್ಮ ಕಚೇರಿಗೆ ನಾಲ್ಕು ಬಾರಿ ಬಂದೆ. ಐದನೆಯ ಸಲ ಅವನ ಸಹಿಯ ಅರ್ಜಿ ತಂದಾಗ ಕಡತ ಹೊರಬಂತು. "ಮಣಿಗಳು ಸಂಪೂರ್ಣ ಬೆಸೆದಿವೆ, ಮುರಿಯುವ ಅಪಾಯ ಹೆಚ್ಚು" ಎಂದು ಬರೆದು, ದಿನಾಂಕ ಹಾಕಿ, ಮೊಹರು ಒತ್ತಿದ ಕಾಗದ. ಏಕೆ ತಿಳಿಸಲಿಲ್ಲವೆಂದು ಕೇಳಿದ್ದಕ್ಕೆ ನೀವು ಕೊಟ್ಟ ಲಿಖಿತ ಉತ್ತರ: ಇದು ಚಿಕಿತ್ಸೆಯಲ್ಲ, ವೀಕ್ಷಣಾ ಅಧ್ಯಯನ; ರೋಗ ತಾನಾಗಿ ಪತ್ತೆಯಾಗಲು ಎಷ್ಟು ಕಾಲ ಹಿಡಿಯುತ್ತದೆಂಬುದೇ ವಿಷಯವಾದ್ದರಿಂದ ತಿಳಿಸಿದರೆ ಫಲಿತಾಂಶ ಕೆಡುತ್ತಿತ್ತು.

ಅಧ್ಯಕ್ಷರೇ, ಈ ವಾಕ್ಯವನ್ನು ನಿಮ್ಮ ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಿದ್ದೀರಾ? ಬೆಂಕಿ ಹತ್ತಿದ ಮನೆಯ ಮುಂದೆ ಗಡಿಯಾರ ಹಿಡಿದು ನಿಂತು, ಒಳಗಿದ್ದವರು ಎಷ್ಟು ಹೊತ್ತಿಗೆ ಎಚ್ಚರಾಗುತ್ತಾರೆಂದು ಬರೆದುಕೊಂಡಿದ್ದೀರಿ. ನಿಮ್ಮ ಸಂಸ್ಥೆಯ ಪ್ರಬಂಧವನ್ನೂ ಓದಿದೆ. ನಮ್ಮ ಜನರಲ್ಲಿ ಈ ರೋಗ ತಡವಾಗಿ ಪತ್ತೆಯಾಗುವುದು ಕಳವಳಕಾರಿ, ಅಜ್ಞಾನವೇ ಕಾರಣ ಎಂದಿದೆ. ಯಾರ ಅಜ್ಞಾನ? ತಿಳಿದೂ ಬಾಯಿ ಹೊಲಿದುಕೊಂಡವರ ಹೆಸರು ಲೇಖಕರ ಪಟ್ಟಿಯಲ್ಲಿದೆ. ಕಳಕೊಂಡ ಕಾಲುಗಳು ಯಾವ ಕೋಷ್ಟಕದಲ್ಲೂ ಇಲ್ಲ.

ಸಂಶೋಧನೆಯೇ ಬೇಡವೆನ್ನುವ ಮೂಢ ನಾನಲ್ಲ. ಈ ಕಾಯಿಲೆಗೆ ಇಂದು ಔಷಧಿಗಳಿರುವುದು ಯಾರೋ ಎಲ್ಲೋ ರಕ್ತ ಕೊಟ್ಟಿದ್ದರಿಂದ, ಯಾರೋ ಕೂತು ಪರೀಕ್ಷಿಸಿದ್ದರಿಂದ. ಒದ್ದವನು ನಾನು; ಆ ಪಾಪದಲ್ಲಿ ನಿಮಗೆ ಪಾಲು ಕೇಳುತ್ತಿಲ್ಲ. ದಿನಾ ಅವನನ್ನು ಮಗ್ಗುಲು ಬದಲಿಸಿ ಮಲಗಿಸುವಾಗ ಅದು ನನ್ನನ್ನು ಕೊಲ್ಲುತ್ತಿದೆ, ಕೊಲ್ಲಲಿ. ಆದರೆ ಆ ಶಿಬಿರದಿಂದ ನೀವು ಆರಿಸಿದ್ದು ಅವನೊಬ್ಬನನ್ನಲ್ಲ.

ಅಂದು ಸಾಲಿನಲ್ಲಿ ನಮ್ಮ ಮುಂದೆ ಕುಳಿತಿದ್ದ ಚಾಮುಂಡೇಶ್ವರಿ ಮೊನ್ನೆ ಮನೆಗೆ ಬಂದಿದ್ದರು. ಕಡಕೊಳದ ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊರುವ ಕೆಲಸ. "ನಂಗೂ ಅವತ್ತೇ ಎಕ್ಸ್-ರೇ ತಗುದ್ರು ಮೇಷ್ಟ್ರೇ. ಬಗ್ಗಿದ್ರೆ ಏಳಕ್ಕಾಗಕಿಲ್ಲ. ನಂದೂ ಅಂಗೇ ಬೆಸ್ಕಂಡದೋ ಏನೋ. ನಾಳೆ ಪೆಟ್ಗೆ ಎತ್ಲಾ, ಬ್ಯಾಡ್ವಾ? ಅಷ್ಟಾರ ಹೇಳಿ" ಎಂದು ಕೇಳಿದರು. ಅದರ ಉತ್ತರ ನಿಮಗೆ ಗೊತ್ತು. ಹೆಸರಿನ ಬದಲು ಸಂಖ್ಯೆ ಹಾಕಿದ ನೂರಾ ಹದಿನೆಂಟು ಕಡತಗಳಲ್ಲಿ ಆಕೆಯದು ಯಾವುದೆಂಬ ಪಟ್ಟಿ ನಿಮ್ಮ ವಶದಲ್ಲೇ ಇದೆ.

ವಿಷಾದ ಪತ್ರ ಬೇಡ, ವಿಚಾರಣಾ ಸಮಿತಿ ಬೇಡ. ಬರುವ ಸೋಮವಾರ ಹನ್ನೊಂದು ಗಂಟೆಯೊಳಗೆ ಆ ಅಷ್ಟೂ ಜನರಿಗೆ ಅವರವರ ವರದಿ ಕನ್ನಡದಲ್ಲಿ ತಲುಪಬೇಕು, ಓದಿ ಹೇಳಲು ಒಬ್ಬ ವೈದ್ಯರು ಎದುರಿಗಿರಬೇಕು. ತಪ್ಪಿದರೆ ಹನ್ನೊಂದಕ್ಕೆ ಚಾಮುಂಡೇಶ್ವರಿಯವರೊಂದಿಗೆ ಬಂದು ಆ ಬೀರುವಿನ ಬೀಗ ನಾನೇ ಒಡೆಯುತ್ತೇನೆ. ಪೊಲೀಸರನ್ನು ಕರೆಸಿಟ್ಟುಕೊಳ್ಳಿ. ಆದರೆ ನನ್ನನ್ನು ಎಳೆದೊಯ್ಯುವ ಮೊದಲು, ಆಕೆ ನಾಳೆ ಪೆಟ್ಟಿಗೆ ಎತ್ತಬಹುದೇ ಎಂಬುದನ್ನು ಹೇಳಿಬಿಡಿ.

ಇಂತಿ,
ತಮ್ಮ ವಿಶ್ವಾಸಿ ಎಂದು ಬರೆಯಲು ಕೈ ಬಾರದ,
ಚಿಕ್ಕಣ್ಣ
ನಿವೃತ್ತ ವಿಜ್ಞಾನ ಶಿಕ್ಷಕ, ಲಕ್ಷ್ಮೀಪುರಂ, ಮೈಸೂರು