ಅವಳಿಗೆ ಕೇಳುತ್ತಿದ್ದ ದನಿ

ಮಾರ್ಚ್ 4, ಬೆಳಿಗ್ಗೆ 11
ಎರಡು ಆಂಪ್ಲಿಫೈಯರ್ ಬಿಚ್ಚಿದೆ. ಒಂದರೊಳಗೆ ಜಿರಲೆ ಸಂಸಾರ. ಇನ್ನೊಂದರಲ್ಲಿ ದೋಷವೇ ಇಲ್ಲ, ದೋಷವೆಲ್ಲ ಅದರ ಯಜಮಾನನದು. ನಿವೃತ್ತ ಮೇಷ್ಟ್ರು ಮತ್ತೆ ಅಂಗಡಿಗೆ ಬಂದರು. ಅದೇ ಪ್ರಶ್ನೆ.
"ಮನೆ ಸ್ಟೀರಿಯೋಗೆ ಈಕ್ವಲೈಜರ್ ಹಾಕಿಸಿದ್ರೆ ಚೆನ್ನಾಗಿ ಕೇಳುತ್ತಾ?"
"ಮೊದಲು ಸ್ಪೀಕರನ್ನ ಮೂಲೆಯಿಂದ ಈಚೆಗೆ ಎಳೀರಿ. ನಿಮ್ಮ ಕೋಣೆ ಸರಿಯಿಲ್ಲ."
"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!"
ನಕ್ಕೆ. ಆದರೂ ಇಪ್ಪತ್ತೆಂಟು ವರ್ಷದಿಂದ ಹೇಳುತ್ತಿರುವುದು ಇದನ್ನೇ — ಟೇಪಿನಲ್ಲಿ ಇಲ್ಲದ್ದನ್ನು ಈಕ್ವಲೈಜರ್ ಎಲ್ಲಿಂದ ತಂದೀತು? ದನಿಯ ಒಂದು ಭಾಗವನ್ನು ಹಿಗ್ಗಿಸುತ್ತದೆ, ಇನ್ನೊಂದನ್ನು ಕುಗ್ಗಿಸುತ್ತದೆ. ಕಿವಿ ನೆಟ್ಟಗಿದ್ದವನಿಗೆ ಅದರ ಹಂಗು ಬೇಡ.
ಸೋಮವಾರ ಇವಳ, ನನ್ನ ಹೆಂಡತಿಯ, ಆಪರೇಷನ್. ಗಂಟಲ ಕ್ಯಾನ್ಸರ್. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕಂತೆ.

ಮಾರ್ಚ್ 6, ಸಂಜೆ
ಇವಳ ದನಿ ರೆಕಾರ್ಡ್ ಮಾಡಿಕೊಂಡೆ. ಹತ್ತೊಂಬತ್ತು ವರ್ಷ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವಳು. ಮೈಕಿನ ಮುಂದೆ ಕೂತರೆ ತಾನಾಗಿ ಬೆನ್ನು ನೆಟ್ಟಗಾಗುತ್ತದೆ. ಓದಲು ಕೈಗೆ ಸಿಕ್ಕಿದ್ದು ಆಂಪ್ಲಿಫೈಯರಿನ ಮ್ಯಾನ್ಯುಯಲ್. "ತಂತಿ ಜೋಡಿಸುವ ಮುನ್ನ ವಿದ್ಯುತ್ ಸಂಪರ್ಕ ತಪ್ಪಿಸಿ..." ಇಬ್ಬರಿಗೂ ನಗು.
"ಇನ್ನೂ ಓದ್ಬೇಕೇನ್ರೀ? ಗಂಟಲು ಉರೀತಿದೆ."
"ಇನ್ನೊಂದೇ ಒಂದು ಪುಟ ಕಣೇ."
ಓದಿದಳು. ಒಟ್ಟು ಹನ್ನೊಂದು ನಿಮಿಷ.
ಹೋದ ವರ್ಷವೇ ಹೇಳಿದ್ದಳು — "ನನ್ನ ದನಿ ಯಾಕೋ ನನ್ನದಲ್ಲ ಅನ್ಸುತ್ತೆ ಕಣ್ರೀ." ನಾನು ಅಂದದ್ದು — "ನನ್ನ ಕಿವಿಗೆ ಗೊತ್ತಾಗಲ್ವೇನೇ? ಏನೂ ಆಗಿಲ್ಲ." ಆಮೇಲೆ ಏಳು ತಿಂಗಳು ಡಾಕ್ಟರ ಬಳಿ ಹೋಗಲಿಲ್ಲ. ನನ್ನ ಕಿವಿ! ಸುಡಬೇಕು ಇದನ್ನು.

ಮಾರ್ಚ್ 29
ಮನೆಗೆ ಬಂದಿದ್ದಾಳೆ. ಕತ್ತಿನಲ್ಲಿ ತೂತು, ಅದಕ್ಕೊಂದು ಕೊಳವೆ. ಮಾತೆಲ್ಲ ಸ್ಲೇಟಿನ ಮೇಲೆ. ಖುಷಿಯಾದೀತೆಂದು ಟೇಪ್ ಹಾಕಿದೆ. ಒಂದು ನಿಮಿಷ ಕೇಳಿ ಬರೆದಳು: "ಯಾರಿದು?"
"ನೀನೇ ಕಣೇ."
ಅಲ್ಲ ಎಂದು ತಲೆಯಾಡಿಸಿದಳು. ಗೋಡೆ ಕಡೆ ತಿರುಗಿ ಮಲಗಿದಳು.

ಏಪ್ರಿಲ್ 11
ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದ ಈಕ್ವಲೈಜರ್ ಹೊತ್ತು ತಂದೆ. ಉಗುಳಿದ್ದನ್ನು ನೆಕ್ಕಿದ ಹಾಗೆ. ಇರಲಿ.
ನಮ್ಮ ದನಿ ನಮಗೆ ಮೂಳೆಯ ಮೂಲಕವೂ ಕೇಳುತ್ತದೆ, ಅದಕ್ಕೇ ಒಳಗೆ ತುಂಬಿದಂತಿರುತ್ತದೆ, ಟೇಪಿನಲ್ಲಿ ಬಡವಾಗುತ್ತದೆ — ಇವಳಿಗೆ ವಿವರಿಸಿದೆ. ಮೇಲೆ ಕೆಳಗೆ ಜಾರಿಸುವ ಹತ್ತು ಸ್ಲೈಡರ್. ತಾನೇ ಕೂತಳು. ಎಡಗಡೆಯ ತಗ್ಗು ದನಿಯವು ಮೇಲೆ, ಬಲಗಡೆಯವು ಕೆಳಗೆ, ಮತ್ತೆ ಕೂದಲೆಳೆಯಷ್ಟು ಆಚೆ ಈಚೆ. ಒಂದೂವರೆ ಗಂಟೆ. ಥಟ್ಟನೆ ಕೈ ನಿಂತಿತು. ಸ್ಲೇಟಿನಲ್ಲಿ ಬರೆದಳು:
"ಸಿಕ್ಕಿದೆ."
ಕಣ್ಣು ಮುಚ್ಚಿ ಕೇಳಿದಳು. ಓದಿನ ಜೊತೆಗೆ ತುಟಿ ಆಡುತ್ತಿತ್ತು. ನನಗೋ, ಯಾರೋ ಹಂಡೆಯೊಳಗಿಂದ ಮಾತಾಡಿದಂತೆ.
"ಇದು ನಿನ್ನ ದನಿಯಲ್ಲ ಕಣೇ," ಎಂದುಬಿಟ್ಟೆ.
ಸೀಮೆಸುಣ್ಣ ಮುರಿಯುವ ಹಾಗೆ ಬರೆದಳು: "ಅದು ನಿಮಗೆ ಕೇಳ್ತಿದ್ದ ನಾನು. ಇದು ನಾನು."

ಏಪ್ರಿಲ್ 19
ದಿನಾ ಹತ್ತಕ್ಕೆ, ಕೊಳವೆ ತೊಳೆದಾದ ಮೇಲೆ, ಅವಳ ಹನ್ನೊಂದು ನಿಮಿಷ. ನಾನು ಕಳ್ಳತನದಿಂದ ಬೈಪಾಸ್ ಸ್ವಿಚ್ ಒತ್ತುತ್ತೇನೆ — ಈಕ್ವಲೈಜರ್ ಪಕ್ಕಕ್ಕೆ ಸರಿದು ನನಗೆ ಗೊತ್ತಿರುವ ಹೆಂಡತಿ ಬರುತ್ತಾಳೆ. ಸಿಕ್ಕಿಬಿದ್ದರೆ ಸ್ಲೇಟಿನಿಂದ ಕೈಗೆ ಒಂದೇಟು. ಇವತ್ತು ಎರಡು ಬಿತ್ತು.

ಜೂನ್ 30
ಇವಳು ಹೋಗಿ ಹದಿನಾರು ದಿನ. ಶ್ವಾಸಕೋಶಕ್ಕೂ ಹಬ್ಬಿತ್ತು.
ನನ್ನ ತಂಗಿ ಮನೆ ಒರೆಸಲು ನಿಂತಳು. ಬಟ್ಟೆ ಸ್ಲೈಡರ್ ಮೇಲೆ ಹೋಗುವುದರಲ್ಲಿತ್ತು. "ಮುಟ್ಟಬೇಡ!" ಎಂದು ಅರಚಿದೆ. ಪಾಪ, ಅತ್ತಳು.
"ಆಯ್ತಣ್ಣ, ಮುಟ್ಟಲ್ಲ. ನೀನು ಒಂದು ತುತ್ತು ತಿನ್ನು."

ಜುಲೈ 3
ಬೈಪಾಸ್ ಒತ್ತಿಯೇ ಕೇಳಿದೆ. ನನ್ನವಳು ಬಂದಳು. ಸ್ವಚ್ಛ, ಸ್ಪಷ್ಟ, ನಿಲ್ದಾಣದ ದನಿ. ಅವಳದನ್ನು ಕೇಳಲು ಧೈರ್ಯವಿಲ್ಲ. ಸ್ಲೈಡರ್ ಮೇಲೆ ಧೂಳು ಕೂತಿದೆ.

ಜುಲೈ 8, ಮಧ್ಯಾಹ್ನ 3
ಬೈಪಾಸ್ ಬಿಟ್ಟೆ. ಮೊದಲ ಸಲ, ಒಬ್ಬನೇ, ಅವಳ ದನಿ.
ವಾಕ್ಯ ಮುಗಿದಲ್ಲೆಲ್ಲ ಏನೋ ಗೊರಗೊರ. ಗ್ರೌಂಡಿಂಗ್ ದೋಷವೆಂದುಕೊಂಡು ತಂತಿ ನೋಡಿದೆ. ತಂತಿ ಸರಿಯಿದೆ. ಬೈಪಾಸ್ ಒತ್ತಿದರೆ ಇಲ್ಲ. ಬಿಟ್ಟರೆ ಇದೆ.
ನರಳಾಟ. ಬಾಯಿ ಮುಚ್ಚಿ ನುಂಗಿಕೊಂಡ ಅವಳ ನರಳಾಟ. ಮೊದಲ ಪುಟದಿಂದಲೇ ಇದೆ.
ಅಂದರೆ ದಿನಾ ಹತ್ತಕ್ಕೆ ಇದನ್ನೂ ಕೇಳುತ್ತಿದ್ದಳು. ನನ್ನ ಪಕ್ಕದಲ್ಲೇ ಕೂತು. ಒಂದಕ್ಷರ ಬರೆಯಲಿಲ್ಲ. ನಾನು ಹಂಡೆ ಎಂದುಕೊಂಡೆ.
ಮೇಷ್ಟ್ರಿಗೆ ಹೇಳಬೇಕು. ಈಕ್ವಲೈಜರ್ ಇಲ್ಲದ್ದನ್ನು ತರುವುದಿಲ್ಲ ಮೇಷ್ಟ್ರೇ, ಇದ್ದದ್ದನ್ನು ಕೇಳಿಸುತ್ತದೆ. ತಡಕೊಳ್ಳುವ ಶಕ್ತಿಯಿದ್ದರೆ ಹಾಕಿಸಿ.

3.40
ಮತ್ತೆ ಹಾಕಿದ್ದೇನೆ. ಕೇಳುತ್ತಲೇ ಬರೆಯುತ್ತಿದ್ದೇನೆ. ಗಂಟಲು ಉರೀತಿದೆ ಅನ್ನುತ್ತಾಳೆ. ಈಗ ನಿಲ್ಲಿಸು ಅನ್ನಬೇಕು ನಾನು. ಅನ್ನೋ, ಮೂರ್ಖ. ಸಾಕು ಅನ್ನು. ದೂರದಿಂದ ನನ್ನ ದನಿ, ನಗುತ್ತಾ — "ಇನ್ನೊಂದೇ ಒಂದು