ಇನ್ನೊಬ್ಬರಿಗೂ ಆಗುವ ಅಂಗಿ

ಅನಾಥಾಲಯದ ಮೇಲ್ವಿಚಾರಕಿ ಅಮ್ಮನವರಿಗೆ,

ನೀವು ಹೊಲಿಗೆ ಕಲಿಯಲು ಕಳಿಸಿದ ಹುಡುಗಿಯಿಂದ ನನಗಾದ ಖರ್ಚು: ಮುರಿದ ಸೂಜಿಗಳು, ಹಾಳಾದ ಬಟ್ಟೆ, ಮುನಿದುಹೋದ ಒಬ್ಬ ಗಿರಾಕಿ. ಆತನ ಅಂಗಿಯನ್ನು ಅಳತೆಗಿಂತ ದೊಡ್ಡದಾಗಿ ಕತ್ತರಿಸಿದ್ದಳು. "ಯಾಕಮ್ಮಾ ಹೀಗೆ?" ಎಂದರೆ, "ಇವರಾದ್ಮೇಲೆ ಇನ್ನೊಬ್ರು ಹಾಕ್ಕೋಬೇಕಲ್ಲ, ಮಾಮ?" ಎಂದಳು. ನಿಮ್ಮಲ್ಲಿ ಒಂದೇ ಅಂಗಿ ಒಬ್ಬರಾದ ಮೇಲೆ ಒಬ್ಬರಿಗೆ ಹೋಗುತ್ತದೆಂದು ಆಗ ಹೊಳೆಯಿತು; ಬೈಯುವ ಬದಲು ಟೇಪು ಹಿಡಿದು ಅಳತೆ ಮತ್ತೆ ತೋರಿಸಿಕೊಟ್ಟೆ.

ಈಗ ಅವಳ ಕೈ ಕುದುರಿದೆ. ಕಾಲರ್ ಕೂರಿಸುವುದೊಂದು ಬಾಕಿ. ಅಷ್ಟರಲ್ಲಿ ಹದಿನೆಂಟು ತುಂಬಿತೆಂದು ನಾಳೆ ಅವಳನ್ನು ಹೊರಗೆ ಕಳಿಸುತ್ತೀರಿ. ನನ್ನ ಒಂದೇ ಕೋಣೆಯಲ್ಲಿ ಆಗಲೇ ಆರು ಜನ. ಅಂಗಡಿಯಲ್ಲಿ ಮಲಗಿಸಲು ಕಟ್ಟಡದ ಮಾಲೀಕ ಬಿಡುವುದಿಲ್ಲ. ಕಲಿತು ಮುಗಿಯುವ ತನಕ ಇಟ್ಟುಕೊಳ್ಳಿ ಎಂದು ಬಂದು ಕೇಳಿದರೆ, "ರೂಲ್ಸಿಲ್ಲ ಕಣ್ರೀ" ಎಂದಿರಿ. ಅದಕ್ಕೆ ಉತ್ತರ ಕೊಡುವಷ್ಟು ಓದಿದವನಲ್ಲ ನಾನು. ಅದಕ್ಕೇ ಮತ್ತೆ ಕೇಳುತ್ತಿದ್ದೇನೆ.

ಆಗದೆಂದರೆ ಲಾಭ ಇಷ್ಟು: ನಿಮಗೊಂದು ಖಾಲಿ ಮಂಚ, ನನಗೊಂದು ಖಾಲಿ ಮಿಷನ್, ಅವಳಿಗೆ ಅರ್ಧ ಕಲಿತ ಕೆಲಸ.

ಇಂತಿ,
ಕೈಮುಗಿದು ಕೇಳುವ ಟೈಲರ್