ಕಂಬಕ್ಕೇರಿದ ರಾಟೆ, ಕೆಳಗುಳಿದ ತೋಳು

ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗಳೇ,

ನಮ್ಮಕ್ಕನ ಬಲಗೈ ಮೇಲೇಳುತ್ತಿಲ್ಲ. ಏಳತೊಡಗಿದ್ದ ಕೈಯನ್ನು ಅರ್ಧದಲ್ಲಿ ಬಿಟ್ಟವರು ತಾವು.

ಅಕ್ಕ ಪುಟ್ಟಗೌರಮ್ಮ ಕಬ್ಬಿನ ಟ್ರಾಕ್ಟರಿನಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡಾಗ ಊರವರೆಲ್ಲ ನಾಟಿ ಕಟ್ಟು ಕಟ್ಟಿಸಿ ಎಂದರು. "ಅದೆಲ್ಲ ಬೇಡಮ್ಮ, ನಮ್ಮನ್ನು ನಂಬು. ಮೂಳೆ ಕೂಡಿಸುವುದಷ್ಟೇ ಅಲ್ಲ, ಕೈ ಆಡುವಂತೆ ಮಾಡಿಯೇ ಕಳಿಸುತ್ತೇವೆ" ಎಂದಿರಿ ತಾವು. ನಂಬಿದೆವು. ಕಟ್ಟು ಕಟ್ಟಲು ಮನೆಗೇ ಬಂದಿದ್ದ ಕೆಂಪಣ್ಣನಿಗೆ ಕಾಫಿ ಕೊಟ್ಟು ಕಳಿಸಿದೆವು.

ಮೊದಮೊದಲು ಮಾತು ಉಳಿಸಿಕೊಂಡಿರಿ, ಸುಳ್ಳೇಕೆ ಹೇಳಲಿ? ಪಟ್ಟಿ ಬಿಚ್ಚಿದ ಮೇಲೆ ವ್ಯಾಯಾಮ ಚಿಕಿತ್ಸೆಯ ಮೇಡಂ ಗೋಡೆಯ ರಾಟೆಗೆ ಹಗ್ಗ ಹಾಕಿ, ಎಡಗೈ ಎಳೆದಷ್ಟು ಬಲಗೈ ಏರುವಂತೆ ಮಾಡಿಸಿದರು. "ಬುಡವ್ವ, ಪ್ರಾಣ ಓಯ್ತದೆ!" ಎಂದು ಅಕ್ಕ ಅರಚಿದರೆ, ಭುಜಕ್ಕೆ ಕೈಕೊಟ್ಟು ನಿಂತ ಮೇಡಂ, "ಪ್ರಾಣ ಎಲ್ಲೂ ಹೋಗಲ್ಲ ಪುಟ್ಟಗೌರಮ್ಮ, ಬಸ್ಸು ಹೋಗ್ತದೆ. ಬೇಗ ಎಳೀರಿ" ಎನ್ನುತ್ತಿದ್ದರು. ಕೈ ಕಿವಿಯವರೆಗೆ ಬಂತು. ಇನ್ನೊಂದು ಗೇಣು ಏರಿದ್ದರೆ ತುರುಬು ಸಿಗುತ್ತಿತ್ತು.

ಆಗಸ್ಟಿನಲ್ಲಿ ಹೋದರೆ ಕೋಣೆಗೆ ಬೀಗ. ಕಾವಲುಗಾರ ಶಿವಣ್ಣನನ್ನು ಕೇಳಿದೆ.

"ರಾಟೆ ಬಾವುಟದ ಕಂಬಕ್ಕೆ ಓಯ್ತು ಕಣಣ್ಣೋ. ಸ್ವಾತಂತ್ರ್ಯ ಬಂದು ಐವತ್ತು ವರ್ಸ ಅಲ್ವಾ?"

"ಮೇಡಂ?"

"ಇಸ್ಕೂಲ್ ಮಕ್ಳಿಗೆ ಡ್ರಿಲ್ ಹೇಳ್ಕೊಡಕ್ಕೆ ಕಳ್ಸವ್ರೆ. ವ್ಯಾಯಾಮದೋರು, ಅವರ್ನ ಬುಟ್ರೆ ಇನ್ಯಾರು ಅಂದ್ರು ಸಾಯೇಬ್ರು."

ಕೀಲು ಬಿಡಿಸುವ ವಿದ್ಯೆ ಕಲಿತವರನ್ನು ಕವಾಯತಿಗೆ ಕಳಿಸಿದ ತಮ್ಮ ಜಾಣ್ಮೆಗೆ ಏನೆನ್ನಲಿ? ಹಬ್ಬವೂ ಮುಗಿಯಿತು, ಬಾವುಟವೂ ಇಳಿಯಿತು. ಮೇಡಂ ಮಾತ್ರ ಬರಲಿಲ್ಲ. ಗಾಂಧಿ ಜಯಂತಿಗೂ ಡ್ರಿಲ್ಲಿದೆಯಂತೆ. ಕಿಟಕಿಯಲ್ಲಿ ಇಣುಕಿದರೆ ಗೋಡೆಯಲ್ಲಿಲ್ಲ ರಾಟೆ, ಕೋಣೆ ತುಂಬ ಶಾಮಿಯಾನದ ಮೂಟೆ! ತಮ್ಮನ್ನೇ ಕಂಡು ಕೇಳಿದರೆ, "ಮೂಳೆ ಕೂಡಿದೆಯಲ್ಲ, ಇನ್ನೇನು? ವಿಶ್ರಾಂತಿ ತಗೊಳ್ಳಲಿ" ಎಂದಿರಿ. ಆಡಿಸದಿದ್ದರೆ ಕೀಲು ಹಿಡಿದುಕೊಳ್ಳುತ್ತದೆ, ತಾನಿಲ್ಲದೆ ಎಳೆಯಲೂಬೇಡಿ ಎಂದು ತಮ್ಮ ಮೇಡಮ್ಮೇ ಎಚ್ಚರಿಸಿದ್ದರಲ್ಲ ಸ್ವಾಮಿ! ಕಿವಿ ಮುಟ್ಟಿದ್ದ ಕೈ ಈಗ ಎದೆಯ ಮಟ್ಟಕ್ಕೇ ನಿಂತಿದೆ.

ದಿನಾ ಬೆಳಿಗ್ಗೆ ಅಕ್ಕ ಸೊಸೆಯ ಮುಂದೆ ತಲೆ ಕೊಟ್ಟು ಕೂರುತ್ತಾಳೆ. "ಏನತ್ತೆ, ಜಡೆ ಆಕ್ಲಾ, ಜುಟ್ಟು ಕಟ್ಲಾ?" ಎಂದು ಸೊಸೆ ನಗಿಸುತ್ತಾಳೆ. ಅಕ್ಕನೂ ನಗುತ್ತಾಳೆ. ಸೊಸೆ ಒಳಗೆ ಹೋದ ಮೇಲೆ ಮೊನ್ನೆ ನನಗೆ ಹೇಳಿದಳು: "ನಿನ್ ಡಾಕ್ಟ್ರನ್ನ ಒಂದ್ಮಾತು ಕೇಳ್ಕೊಂಡು ಬಾರ್ಲಾ, ತಲೆ ಬೋಳಿಸ್ಕೊಂಬುಡ್ಲಾ ಅಂತ."

ಈ ವಾರವೇ ಮೇಡಂ ಮರಳಲಿ, ಕೋಣೆ ತೆರೆಯಲಿ, ರಾಟೆ ಗೋಡೆಗೆ ಬರಲಿ. ಆಗದಿದ್ದರೆ ತಾವೇ ಬಂದು ಅಕ್ಕನಿಗೆ ಉತ್ತರ ಹೇಳಿ. ನನ್ನಿಂದಾಗದು.

ಇಂತಿ,
ತಮ್ಮನ್ನು ನಂಬಿ ಕೆಟ್ಟ
ಪುಟ್ಟಗೌರಮ್ಮನ ತಮ್ಮ,
ನಿಂಗರಾಜು, ಬಿ.ಎ., ಕ್ಯಾತನಹಳ್ಳಿ